ವಂಶವೃಕ್ಷದಲ್ಲಿ ಕಾಣದ ಸೋದರತ್ತೆ



ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸಿದ ನಾನು ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೆ. ಯಾವುದೇ ಆಧಾರವನ್ನು ಓದುವಾಗ ಅದು ಏನು ಹೇಳುತ್ತದೆ ಎಂಬುದನ್ನು ನೋಡಿದ ಮೇಲೆ, ಏನನ್ನು ಹೇಳದೆ ಬಿಟ್ಟಿದೆ ಎಂದೂ ಕೇಳಬೇಕು. ನಿಮ್ಮಲ್ಲಿ ಹಲವರಿಗೆ ಇದು ನೆನಪಿರಬಹುದು. ಆ ಪಾಠವನ್ನು ನಾನೇ ಮರೆತಿದ್ದೆನೆಂಬುದು ನಿವೃತ್ತಿಯ ನಂತರ, ಅದೂ ಒಂದು ಗಣಕಯಂತ್ರದ ಮುಂದೆ ಕುಳಿತಾಗ, ನನಗೆ ಮನವರಿಕೆಯಾಯಿತು.

ವಂಶವನ್ನು ನೆನಪಿಡುವ ಕಾರ್ಯ ನಮ್ಮ ನಾಡಿಗೆ ಹೊಸದಲ್ಲ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯನ್ನು ಹೊಗಳುವ ಮೊದಲು ಜಯಸಿಂಹ, ರಣರಾಗ, ಒಂದನೆಯ ಪುಲಕೇಶಿ, ಕೀರ್ತಿವರ್ಮ, ಮಂಗಳೇಶ ಎಂದು ಬಾದಾಮಿ ಚಾಲುಕ್ಯರ ಪರಂಪರೆಯನ್ನು ಕ್ರಮವಾಗಿ ಹೇಳುತ್ತಾನೆ. ಅರಸರಿಗೆ ಕವಿಗಳಿದ್ದಂತೆ ರೈತಾಪಿ ಮನೆತನಗಳಿಗೆ ಹೆಳವರು ಇದ್ದರು. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಮನೆಯ ಮುಂದೆ ನಿಂತು ಆ ಮನೆಯ ಹಿರಿಯರ ಹೆಸರುಗಳನ್ನು ತಲೆಮಾರುಗಳ ಹಿಂದಿನಿಂದ ಹೇಳಿ ಕಾಳು, ಬಟ್ಟೆ ಪಡೆದು ಹೋಗುತ್ತಿದ್ದರು.

ನಮ್ಮ ಮನೆತನದ ವಂಶವೃಕ್ಷವನ್ನು ನಾನು ಮೊದಲು ಗಣಕಯಂತ್ರಕ್ಕೆ ಸೇರಿಸಿದ್ದು 2004ರ ಬೇಸಿಗೆ ರಜೆಯಲ್ಲಿ. ಹಣ ಕೊಟ್ಟು ತಂದ ಒಂದು ತಂತ್ರಾಂಶದಲ್ಲಿ ಮುನ್ನೂರಕ್ಕೂ ಹೆಚ್ಚು ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದೆ. ಕೆಲವು ವರ್ಷಗಳ ನಂತರ ಆ ಯಂತ್ರ ಕೆಟ್ಟಿತು. ಹೊಸ ಯಂತ್ರದಲ್ಲಿ ಆ ತಂತ್ರಾಂಶ ತೆರೆಯಲೇ ಇಲ್ಲ. ಉಳಿದದ್ದು, ಅಂದು ಯಾರದೋ ಸಲಹೆಯಂತೆ ಸಿ.ಡಿ.ಯೊಂದಕ್ಕೆ ಇಳಿಸಿಟ್ಟಿದ್ದ ಒಂದೇ ಒಂದು ಕಡತ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ನೋಡಿ, “ಸಾರ್, ಇದು ಜೆಡ್‌ಕಾಮ್. ಇದೊಂದಿದ್ದರೆ ಸಾಕು, ಏನೂ ಕಳೆದುಹೋಗಿಲ್ಲ” ಎಂದ.

ಜೆಡ್‌ಕಾಮ್ ಎಂಬುದು ವಂಶದ ವಿವರಗಳನ್ನು ಬರೆದಿಡುವ ಒಂದು ಕ್ರಮ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ಮಾರ್ಮನ್ ಚರ್ಚು ಅದನ್ನು 1984ರಲ್ಲಿ ರೂಪಿಸಿತು. ಪೂರ್ವಜರಿಗಾಗಿ ಧಾರ್ಮಿಕ ವಿಧಿಗಳನ್ನು ನಡೆಸುವ ಪಂಥವಾದ್ದರಿಂದ ಅವರಿಗೆ ವಂಶಾವಳಿ ಮುಖ್ಯ. 1894ರಲ್ಲಿಯೇ ಅದಕ್ಕೊಂದು ಸಂಘವನ್ನು ಕಟ್ಟಿ, 1938ರಿಂದ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸತೊಡಗಿದ್ದರು. ಜೆಡ್‌ಕಾಮ್ ಕಡತವನ್ನು ಯಾವ ಯಂತ್ರದಲ್ಲಾದರೂ ತೆರೆದು ಓದಬಹುದು, ಏಕೆಂದರೆ ಅದು ಬರಿಯ ಅಕ್ಷರಗಳ ಸಾಲು. ಪ್ರತಿ ಸಾಲಿನ ಮೊದಲಿಗೆ ಒಂದು ಅಂಕಿ ಇರುತ್ತದೆ. ಸೊನ್ನೆ ಎಂದರೆ ಹೊಸ ವ್ಯಕ್ತಿ ಅಥವಾ ಹೊಸ ಸಂಸಾರ. ಒಂದು ಎಂದರೆ ಆ ವ್ಯಕ್ತಿಯ ಹೆಸರು, ಲಿಂಗ, ಜನನ, ಮರಣ. ಎರಡು ಎಂದರೆ ಆ ಜನನದ ದಿನ, ಊರು. ಸಂಸಾರದ ಕೆಳಗೆ ಗಂಡ, ಹೆಂಡತಿ, ಮಕ್ಕಳು ಎಂದು ಪ್ರತ್ಯೇಕ ಸಾಲುಗಳು. ನಮ್ಮ ಶಾಲೆಯ ದಾಖಲಾತಿ ಪುಸ್ತಕವೂ ಹೆಚ್ಚುಕಡಿಮೆ ಹೀಗೆಯೇ ಇತ್ತು.

ಈ ಕಡತವನ್ನು ಓದಬಲ್ಲ ಮುಕ್ತ ತಂತ್ರಾಂಶಗಳೂ ಇವೆ. ಅವುಗಳಿಗೆ ಹಣ ಕೊಡಬೇಕಿಲ್ಲ, ಒಳಗಿನ ಬರಹವನ್ನು ಯಾರಾದರೂ ನೋಡಿ ತಿದ್ದಬಹುದು. 1990ರ ದಶಕದ ಮೊದಲ ವರ್ಷಗಳಲ್ಲಿ ಟಾಮ್ ವೆಟ್ಮೋರ್ ಎಂಬವರು ಬರೆದ ಲೈಫ್‌ಲೈನ್ಸ್ ಇವುಗಳಲ್ಲಿ ಹಿರಿದು. ಅದರಲ್ಲಿ ಚಿತ್ರಗಳಿಲ್ಲ, ಅಕ್ಷರಗಳಷ್ಟೇ. ಫ್ರಾನ್ಸಿನ ಡೇನಿಯಲ್ ಡಿ ರೋಗ್ಲೋಡ್ರ್ ಅದೇ ದಶಕದ ಕೊನೆಯಲ್ಲಿ ಜೀನ್‌ವೆಬ್ ಎಂಬುದನ್ನು ಬರೆದರು. 2001ರಲ್ಲಿ ಡಾನ್ ಆಲಿಂಗ್‌ಹ್ಯಾಮ್ ಆರಂಭಿಸಿದ್ದು ಗ್ರಾಂಪ್ಸ್. ಇಂಗ್ಲಿಷಿನ ಆಡುಮಾತಿನಲ್ಲಿ ಗ್ರಾಂಪ್ಸ್ ಎಂದರೆ ಅಜ್ಜ! ನನ್ನ ವಯಸ್ಸಿಗೆ ಒಪ್ಪುವ ಹೆಸರೆಂದು ನಕ್ಕು ಅದನ್ನೇ ಹಾಕಿಸಿಕೊಂಡೆ.

ನನ್ನ ಯಂತ್ರ ಹಳೆಯದು. ಚಿತ್ರಗಳ ಕಿಟಕಿ ತೆರೆಯುವುದರೊಳಗೆ ಕಾಫಿ ಆರಿಹೋಗುತ್ತಿತ್ತು. ಆಗ ಆ ಹುಡುಗ ಕಮಾಂಡ್ ಲೈನನ್ನು, ಅಂದರೆ ಕಪ್ಪು ಪರದೆಯ ಮೇಲೆ ಆದೇಶವನ್ನು ಅಕ್ಷರಗಳಲ್ಲಿಯೇ ಬರೆಯುವ ವಿಧಾನವನ್ನು, ಕಲಿಸಿಕೊಟ್ಟ. ಗ್ರಾಂಪ್ಸ್ ಎಂದು ಬರೆದು, ಕಿರುಗೆರೆಯೊಂದಿಗೆ ‘ಐ’ ಅಕ್ಷರ ಹಾಕಿ ಹಳೆಯ ಕಡತದ ಹೆಸರು, ಕಿರುಗೆರೆಯೊಂದಿಗೆ ‘ಇ’ ಹಾಕಿ ಹೊಸ ಕಡತದ ಹೆಸರು ಕೊಟ್ಟರೆ ಒಂದರಿಂದ ಇನ್ನೊಂದಕ್ಕೆ ವಂಶವೆಲ್ಲ ಸಾಗುತ್ತದೆ. ‘ಎ’ ಎಂದು ಬರೆದು ವರದಿ ಕೇಳಿದರೆ ವರದಿಯೂ ಸಿದ್ಧ. ಹೆಸರುಗಳನ್ನೆಲ್ಲ ಈ ಬಾರಿ ಕನ್ನಡದಲ್ಲಿಯೇ ತಿದ್ದಿ ಬರೆದೆ. ಕನ್ನಡ ಅಕ್ಷರಗಳು ಸಲೀಸಾಗಿ ನಿಲ್ಲುವ ಯುಟಿಎಫ್-8 ಎಂಬ ಲಿಪಿಸಂಕೇತಕ್ಕೆ ಜೆಡ್‌ಕಾಮ್‌ನ 1999ರ ಕರಡಿನಲ್ಲಿ ಅವಕಾಶ ದೊರೆತಿತ್ತು. 2021ರ ಆವೃತ್ತಿ ಅದನ್ನೇ ಕಡ್ಡಾಯಗೊಳಿಸಿತು.

ಕಪ್ಪು ಪರದೆಯ ಒಂದು ಗುಣವೆಂದರೆ ಕೇಳಿದ್ದಕ್ಕೆ ಅಷ್ಟೇ ಉತ್ತರ, ಸಮಾಧಾನದ ಮಾತಿಲ್ಲ. ‘ಗ್ರೆಪ್’ ಎಂಬ ಪುಟ್ಟ ಆದೇಶದಿಂದ ಕಡತದಲ್ಲಿ ಗಂಡು ಎಂದು ಗುರುತಾದ ಸಾಲುಗಳೆಷ್ಟು, ಹೆಣ್ಣು ಎಂದು ಗುರುತಾದವೆಷ್ಟು ಎಂದು ಎಣಿಸಿದೆ. ಗಂಡಸರು 214, ಹೆಂಗಸರು 121. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಕಡಿಮೆ ಹುಟ್ಟಿದರೇ? ಹಾಗೇನಿಲ್ಲ. ಬರೆದವನು ಬಿಟ್ಟಿದ್ದಾನೆ, ಬರೆದವನು ನಾನು.

ಇದಕ್ಕಿಂತ ದೊಡ್ಡ ಪೆಟ್ಟು ಜೀನ್‌ವೆಬ್‌ನಿಂದ ಬಿತ್ತು. ಅದರಲ್ಲಿ ‘ಕನ್ಸಾಂಗ್’ ಎಂಬ ಆದೇಶವಿದೆ. ದಂಪತಿಗಳು ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಅವರ ಮಕ್ಕಳಲ್ಲಿ ಆ ಸಂಬಂಧ ಎಷ್ಟು ದಟ್ಟವಾಗಿದೆ ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಸೋದರತ್ತೆಯ ಮಗಳನ್ನೋ, ಅಕ್ಕನ ಮಗಳನ್ನೋ ತರುವ ರೂಢಿ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇದ್ದದ್ದು ನಿಮಗೆ ಗೊತ್ತು. ಹಾಗಾಗಿ ನಮ್ಮ ವಂಶ ಮರದಂತೆ ಬರಿದೆ ಕವಲೊಡೆಯದೆ, ಬಲೆಯಂತೆ ಮತ್ತೆ ಮತ್ತೆ ಹೆಣೆದುಕೊಳ್ಳುತ್ತದೆ. ನನ್ನ ಅಣ್ಣ ಮದುವೆಯಾದದ್ದು ನಮ್ಮ ಸೋದರತ್ತೆಯ ಮಗಳನ್ನು. ಅಂಥ ದಂಪತಿಗಳ ಮಕ್ಕಳಿಗೆ ಲೆಕ್ಕದ ಪ್ರಕಾರ ಹದಿನಾರರಲ್ಲಿ ಒಂದು ಭಾಗ, ಎಂದರೆ ಶೇಕಡಾ 6.25 ಬರಬೇಕು; ಸೋದರಮಾವನನ್ನೇ ಮದುವೆಯಾದವರ ಮಕ್ಕಳಿಗಾದರೆ ಎಂಟರಲ್ಲಿ ಒಂದು. ಕಡತವನ್ನು ಜೀನ್‌ವೆಬ್‌ಗೆ ಸೇರಿಸಿ ಆದೇಶ ಕೊಟ್ಟೆ. ಅಣ್ಣನ ಮಕ್ಕಳಿಗೆ ಬಂದ ಉತ್ತರ ಸೊನ್ನೆ!

ಯಂತ್ರವೇ ತಪ್ಪಿರಬೇಕೆಂದು ಎರಡು ದಿನ ವಾದಿಸಿದೆ. ಮೂರನೆಯ ದಿನ ಕಡತದ ಸಾಲುಗಳನ್ನು ಒಂದೊಂದಾಗಿ ಓದಿದೆ. ಅಜ್ಜನ ಸಂಸಾರದ ಕೆಳಗೆ ಮಕ್ಕಳೆಂದು ಮೂರೇ ಸಾಲುಗಳಿದ್ದವು, ಮೂವರೂ ಗಂಡುಮಕ್ಕಳು. ಅತ್ತಿಗೆಗೆ ತಂದೆಯ ಹೆಸರಿತ್ತು, ತಾಯಿಯ ಸಾಲೇ ಇರಲಿಲ್ಲ. ನಮ್ಮ ಸೋದರತ್ತೆ ತವರಿನಲ್ಲಿಯೂ ಇಲ್ಲ, ಗಂಡನ ಮನೆಯಲ್ಲಿಯೂ ಇಲ್ಲ!

ಇದು ಹೇಗಾಯಿತು? ಅಜ್ಜ ತೀರಿಕೊಂಡ ಮೇಲೆ ಜಮೀನಿನ ಖಾತೆ ಬದಲಾವಣೆಗಾಗಿ ಒಂದು ವಂಶವೃಕ್ಷವನ್ನು ಬರೆಸಿದ್ದರು. ಅದರಲ್ಲಿ ಗಂಡುಮಕ್ಕಳು ಮಾತ್ರ ಇದ್ದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಆ ಮೊದಲೇ ಮದುವೆಯಾದವರನ್ನು ಹೊರಗಿಟ್ಟು; ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಆ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದು 2020ರ ಆಗಸ್ಟಿನಲ್ಲಿ. ಅಂದಿನ ಗುಮಾಸ್ತರು ಅಂದಿನ ರೂಢಿಯಂತೆ ಬರೆದರು. ಅವರನ್ನು ದೂರಲಾರೆ. ಆದರೆ 2004ರಲ್ಲಿ ಆ ಕಾಗದವನ್ನು ‘ಮೂಲ ಆಧಾರ’ ಎಂದು ನಂಬಿ ಕಣ್ಣುಮುಚ್ಚಿ ನಕಲು ಮಾಡಿದ ಇತಿಹಾಸದ ಮೇಷ್ಟರಿಗೆ ಏನೆನ್ನಬೇಕು?

ಬಿ.ಎಡ್. ಓದುವಾಗ ಒಂದು ವರ್ಷ ನಾನು ಇದ್ದದ್ದು ಅದೇ ಅತ್ತೆಯ ಮನೆಯಲ್ಲಿ. ಬೆಳಗಿನ ಬಸ್ಸಿಗೆ ಹೊತ್ತಾಗುತ್ತದೆಂದು ಕತ್ತಲಲ್ಲೇ ಎದ್ದು ರೊಟ್ಟಿ ಬಡಿದು ಡಬ್ಬಿಗೆ ಕಟ್ಟಿಕೊಡುತ್ತಿದ್ದರು. ಪಾಠ ಮಾಡುವ ಅಭ್ಯಾಸವಾಗಲೆಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅವರಿಗೇ ಚಾಲುಕ್ಯರ ಪಾಠ ಹೇಳಿದ್ದುಂಟು. ಇನ್ನೊಂದು ಮಾತನ್ನೂ ಮುಚ್ಚಿಡಲಾರೆ. ಪ್ರತಿ ವರ್ಷ ಮಹಾಲಯದಲ್ಲಿ ತರ್ಪಣ ಕೊಡುವಾಗ ತಂದೆತಾಯಿಯರ ಸಾಲಿನ ನಂತರ ತೀರಿಹೋದ ಸೋದರತ್ತೆಯ ಹೆಸರನ್ನೂ ಹೇಳಿ ಎಳ್ಳುನೀರು ಬಿಡುತ್ತೇನೆ. ಬಾಯಿಯಲ್ಲಿ ಇದ್ದ ಹೆಸರು ಬರವಣಿಗೆಗೆ ಬರಲೇ ಇಲ್ಲ.

ಅಂದು ಸಂಜೆ ಅಜ್ಜನ ಸಂಸಾರಕ್ಕೆ ನಾಲ್ಕನೆಯ ಮಗುವಿನ ಸಾಲನ್ನು ಸೇರಿಸಿ, ಅತ್ತಿಗೆಯ ತಾಯಿಯ ಜಾಗಕ್ಕೆ ಅದೇ ಹೆಸರನ್ನು ಕೊಟ್ಟು, ಆದೇಶವನ್ನು ಮತ್ತೆ ಬರೆದೆ. ಈಗ ಉತ್ತರ 6.25. ಗಣಿತದ ಮೇಷ್ಟರು ಸರಿಯುತ್ತರಕ್ಕೆ ಸಂತೋಷಪಡುವುದನ್ನು ಕಂಡಿದ್ದೇನೆ. ಒಂದು ದಶಮಾಂಶಕ್ಕೆ ನನ್ನ ಕಣ್ಣು ತೇವಗೊಂಡದ್ದು ಅದೇ ಮೊದಲು.

ಐಹೊಳೆ ಶಾಸನದ ಆ ಸಾಲಿನಲ್ಲಿಯೂ ರಾಣಿಯರ ಹೆಸರಿಲ್ಲ. ಅಲ್ಲಿಗೆ ದೂರವಲ್ಲದ ಮಹಾಕೂಟದಲ್ಲಿ ಮಂಗಳೇಶ ನಿಲ್ಲಿಸಿದ ಸ್ತಂಭದ ಶಾಸನ ಸಿಕ್ಕಿದ್ದರಿಂದ ಅವನ ತಂದೆಯ ಪತ್ನಿ, ಬಟ್ಪೂರ ಮನೆತನದ ದುರ್ಲಭದೇವಿಯನ್ನು ನಾವು ಬಲ್ಲೆವು. ಒಂದು ಆಧಾರ ಬಿಟ್ಟದ್ದನ್ನು ಇನ್ನೊಂದು ಆಧಾರ ತುಂಬಿಕೊಟ್ಟಿತು. ನಮ್ಮ ಮನೆಗಳಲ್ಲಿ ಅಂಥ ಕಲ್ಲುಕಂಬಗಳಿಲ್ಲ. ಲಗ್ನಪತ್ರಿಕೆ, ಹಳೆಯ ಕಾರ್ಡುಗಳು, ಹಿತ್ತಾಳೆ ಪಾತ್ರೆಯ ಮೇಲೆ ಕೊರೆಸಿದ ಹೆಸರು, ಎಂಬತ್ತು ದಾಟಿದ ಹಿರಿಯರ ನೆನಪು, ಇಷ್ಟೇ ನಮ್ಮ ಶಾಸನಗಳು.

ಆದ್ದರಿಂದ ಬಂಧುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟು. ನಿಮ್ಮ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಮತ್ತು ಅವರ ತವರೂರನ್ನು ಬರೆದು ಕಳುಹಿಸಿ. ಮದುವೆಯಲ್ಲಿ ಹೆಸರು ಬದಲಾಗಿದ್ದರೆ ಎರಡನ್ನೂ ಬರೆಯಿರಿ. ವಿದ್ಯಾರ್ಥಿಗಳೇ, ನೀವು ನಿಮ್ಮ ನಿಮ್ಮ ಮನೆಯ ಕಡತವನ್ನು ಆರಂಭಿಸಿ. ಮೊದಲ ಸಾಲನ್ನು ಅಜ್ಜಿಯ ಹೆಸರಿನಿಂದ ಬರೆಯಿರಿ. ಇದು ಮನೆಗೆಲಸ. ಈ ಬಾರಿ ಮೇಷ್ಟರೂ ನಿಮ್ಮೊಂದಿಗೆ ಬರೆಯುತ್ತಿದ್ದಾರೆ.