ಪಾನುಂಗಲ್ಲಿನ 'ಪ' ಎಲ್ಲಿ ಹೋಯಿತು?

ಹಾವೇರಿ ಜಿಲ್ಲೆಯ ಹಾನಗಲ್ಲು, ಹಿರೇಕೆರೂರು ಎರಡೂ ಊರುಗಳ ಹೆಸರು 'ಹ'ಕಾರದಿಂದ ಶುರುವಾಗುತ್ತವೆ. ಆದರೆ ಹಳೆಯ ಶಾಸನಗಳಲ್ಲಿ ಹಾನಗಲ್ಲನ್ನು ಹುಡುಕಿದರೆ ಸಿಗುವುದು 'ಪಾನುಂಗಲ್'. ಹಾನಗಲ್ಲಿನ ಕದಂಬರು ಆಳಿದ ನಾಡಿನ ಹೆಸರು 'ಪಾನುಂಗಲ್ ಐನೂರು'. ಹಿರೇಕೆರೂರಿನ 'ಹಿರೇ' ಕೂಡ ಹಳಗನ್ನಡದ 'ಪಿರಿಯ'ದಿಂದಲೇ ಬಂದದ್ದು. ಇನ್ನೂ ಹಿಂದಕ್ಕೆ ಹೋದರೆ, 5ನೇ ಶತಮಾನದ್ದೆಂದು ಹೇಳುವ ಹಲ್ಮಿಡಿ ಶಾಸನದಲ್ಲಿ ಆ ಊರು 'ಪಲ್ಮಡಿ'!

ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ತುಳುವಿನಲ್ಲಿ ಹುಲಿ ಈಗಲೂ 'ಪಿಲಿ', ತೆಲುಗಿನಲ್ಲಿ ಹಾಲು ಈಗಲೂ 'ಪಾಲು'. ಕ್ರಿ.ಶ. 941ರ ಹೊತ್ತಿಗೆ ಪಂಪ ಬರೆದ ಕನ್ನಡದಲ್ಲಿ ಈ ಪದಗಳಿಗೆಲ್ಲ 'ಪ'ಕಾರವೇ ಇತ್ತು. ಸುಮಾರು ಅದೇ ಶತಮಾನದಿಂದ ಶಾಸನಗಳಲ್ಲಿ 'ಹ'ಕಾರ ಇಣುಕತೊಡಗಿತು. ಮುಂದೆ ಕೆಲವು ಶತಮಾನ ಎರಡೂ ರೂಪಗಳು ಅಕ್ಕಪಕ್ಕದಲ್ಲೇ ಬದುಕಿದವು.

ಆದದ್ದಿಷ್ಟೇ. 'ಪ' ಅನ್ನಲು ತುಟಿ ಪೂರ್ತಿ ಮುಚ್ಚಬೇಕು. ಆ ಬಿಗಿ ಸಡಿಲಾದರೆ ಉಳಿಯುವುದು ಬರೀ ಉಸಿರು, ಅದೇ 'ಹ'. ಬಿಗಿ ಉಳಿದ ಕಡೆ 'ಪ'ವೂ ಉಳಿಯಿತು. ಅಪ್ಪ, ಉಪ್ಪು, ತಂಪು, ಕೆಂಪು ಹಾಗೇ ಇವೆ ನೋಡಿ. ಪುಸ್ತಕ, ಪೂಜೆಯಂಥ ಸಂಸ್ಕೃತದ ಪದಗಳೂ 'ಪ'ವನ್ನು ಬಿಡಲಿಲ್ಲ.

ಇದೇ ಕಾಲದ ಆಸುಪಾಸಿನಲ್ಲಿ ಕನ್ನಡ ೞ, ಱ ಎಂಬ ಎರಡು ದನಿಗಳನ್ನೂ ಕಳೆದುಕೊಂಡಿತು. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು. ಈಗ ಎರಡೂ 'ಅರಿ'ಯೇ. ಹಾಗಾದರೆ ಕನ್ನಡ ಬಡವಾಯಿತೇ?

ಇದಕ್ಕೆ ಉತ್ತರ ಬಹಳ ದೂರದಲ್ಲಿ ಸಿಗುತ್ತದೆ. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದಲ್ಲಿ ಕೆಲವೇ ಸಾವಿರ ಜನ ಆಡುವ ರೊಟೊಕಾಸ್ ಎಂಬ ನುಡಿಯಿದೆ. ಅದರ ಮಧ್ಯಭಾಗದ ಆಡುನುಡಿಯಲ್ಲಿ ವ್ಯಂಜನಗಳು ಆರೇ, ಸ್ವರಗಳು ಐದು. 'ಮ', 'ನ'ಗಳಿಗೆ ಅಲ್ಲಿ ಪ್ರತ್ಯೇಕ ಸ್ಥಾನವೇ ಇಲ್ಲ! ಆದರೆ ಅದೇ ಭಾಷೆಯ ಐಟಾ ಆಡುನುಡಿಯಲ್ಲಿ ಅವು ಇವೆ ಎಂದು ಸ್ಟುವರ್ಟ್ ರಾಬಿನ್ಸನ್ 2006ರಲ್ಲಿ ತೋರಿಸಿಕೊಟ್ಟರು. ಎಂದರೆ ಮೊದಲು ಇದ್ದ ಭೇದವನ್ನು ಒಂದು ಕಡೆಯವರು ಬಿಟ್ಟರು, ಇನ್ನೊಂದು ಕಡೆಯವರು ಉಳಿಸಿಕೊಂಡರು. ಬಿಟ್ಟವರೂ ಜಗಳ ಆಡುತ್ತಾರೆ, ಕತೆ ಹೇಳುತ್ತಾರೆ, ಮಕ್ಕಳನ್ನು ರಮಿಸುತ್ತಾರೆ. ದನಿ ಕಡಿಮೆಯಾದರೆ ಮಾತು ಕಡಿಮೆಯಾಗುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಹಳೇ ಮೈಸೂರು ಕಡೆಯ ಹಳ್ಳಿಯವರು 'ಆಲು', 'ಅಸು', 'ಅಳ್ಳಿ' ಅಂದರೆ ನಾವು ನಗುತ್ತೇವೆ. ಸಿನಿಮಾದಲ್ಲಿ ಪೆದ್ದನ ಪಾತ್ರಕ್ಕೆ ಈ ಮಾತು ಕೊಡುತ್ತೇವೆ. ಶಾಲೆಯಲ್ಲಿ ಮಗುವನ್ನು ಎದ್ದು ನಿಲ್ಲಿಸಿ ತಿದ್ದುತ್ತೇವೆ. ಬರೆಯುವ ಕನ್ನಡ ಕಲಿಸಬೇಕು, ನಿಜ. ಆದರೆ ಆ ಮಗು ಮಾಡಿದ್ದೇನು? ಪಾಲ್ ಹಾಲಾದ ದಾರಿಯಲ್ಲೇ ಇನ್ನೊಂದು ಹೆಜ್ಜೆ ಮುಂದಿಟ್ಟಿತು ಅಷ್ಟೇ. ಸಾವಿರ ವರ್ಷದ ಹಿಂದೆ 'ಪಾಲ್' ಅನ್ನುತ್ತಿದ್ದ ಪಂಡಿತರ ಕಿವಿಗೆ ನಮ್ಮ ಶುದ್ಧ 'ಹಾಲು' ಕೂಡ ಹಳ್ಳಿಗಮಾರರ ಮಾತಾಗಿಯೇ ಕೇಳಿಸಿರಬಹುದು!

ನಿಮ್ಮೂರಿನ ಹೆಸರೂ 'ಹ'ದಿಂದ ಶುರುವಾಗುತ್ತದೆಯೇ? ಒಮ್ಮೆ 'ಪ' ಹಚ್ಚಿ ಹೇಳಿ ನೋಡಿ. ಎಲ್ಲ 'ಹ'ಕಾರವೂ 'ಪ'ದಿಂದ ಬಂದದ್ದಲ್ಲ. ಆದರೆ ಹೊಸೂರಿನೊಳಗೆ ಒಂದು 'ಪೊಸ' ಅಡಗಿ ಕೂತಿರುವುದಂತೂ ಖರೆ.