ಮೈದಾನ ಕೊಡದಿದ್ದರೂ ಆಟ ಬಿಡದ ಹೆಂಗಸರು: ಡಿಕ್ ಕೆರ್ ಫುಟ್‌ಬಾಲ್ ತಂಡದ ಕಥೆ

1920ರ ಕ್ರಿಸ್‌ಮಸ್ ವಾರದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನಕ್ಕೆ 53,000 ಜನ ಬಂದಿದ್ದರು. ಒಳಗೆ ಜಾಗ ಸಿಗದೆ ಇನ್ನೂ ಸಾವಿರಾರು ಮಂದಿ ಗೇಟಿನಿಂದಲೇ ವಾಪಸ್ ಹೋದರು. ಅವರೆಲ್ಲ ನೋಡಲು ಬಂದದ್ದು ಹೆಂಗಸರ ಫುಟ್‌ಬಾಲ್ ಪಂದ್ಯವನ್ನು. ಇದಾಗಿ ಒಂದು ವರ್ಷವೂ ತುಂಬುವ ಮೊದಲೇ ಅಂಥ ಮೈದಾನಗಳ ಬಾಗಿಲು ಹೆಂಗಸರಿಗೆ ಮುಚ್ಚಿತು. ಮತ್ತೆ ತೆರೆಯಲು ಸುಮಾರು 50 ವರ್ಷ ಬೇಕಾಯಿತು.

ಆ ದಿನ ಗೆದ್ದದ್ದು ಡಿಕ್ ಕೆರ್ ಲೇಡೀಸ್ ಎಂಬ ಹವ್ಯಾಸಿ ತಂಡ. ಅದರ ಹುಟ್ಟು, ಬೆಳವಣಿಗೆ ಮತ್ತು ಅದಕ್ಕೆ ಬಿದ್ದ ಪೆಟ್ಟಿನ ಕಥೆ ಇದು.

ಕಾರ್ಖಾನೆ ಅಂಗಳದಲ್ಲಿ ಹುಟ್ಟಿದ ತಂಡ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಪ್ರೆಸ್ಟನ್ ಎಂಬ ಪಟ್ಟಣವಿದೆ. ಅಲ್ಲಿ ಟ್ರಾಮ್ ಮತ್ತು ರೈಲು ಎಂಜಿನ್ ತಯಾರಿಸುತ್ತಿದ್ದ ಡಿಕ್ ಕೆರ್ ಕಂಪನಿಯ ಕಾರ್ಖಾನೆ ಇತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಅಲ್ಲಿ ಮದ್ದುಗುಂಡು ತಯಾರಾಗತೊಡಗಿತು. ಗಂಡಸರು ಯುದ್ಧಕ್ಕೆ ಹೋದರು, ಅವರ ಜಾಗದಲ್ಲಿ ಹೆಂಗಸರು ಕೆಲಸಕ್ಕೆ ನಿಂತರು.

ಬಿಡುವಿನ ಹೊತ್ತಿನಲ್ಲಿ ಈ ಹೆಂಗಸರು ಕಾರ್ಖಾನೆಯ ಅಂಗಳದಲ್ಲಿ ಹುಡುಗರ ಜೊತೆ ಚೆಂಡು ಒದೆಯುತ್ತಿದ್ದರು. 1917ರಲ್ಲಿ ಕಾರ್ಖಾನೆಯ ಗಂಡಸರ ತಂಡ ಸೋಲುತ್ತಾ ಬಂದಾಗ ಹೆಂಗಸರು ಅವರನ್ನು ಗೇಲಿ ಮಾಡಿದರು. ‘ಹಾಗಾದರೆ ನೀವೇ ಆಡಿ ನೋಡೋಣ’ ಎಂಬ ಸವಾಲು ಬಂತು. ಆಫೀಸಿನಲ್ಲಿ ಗುಮಾಸ್ತರಾಗಿದ್ದ ಆಲ್ಫ್ರೆಡ್ ಫ್ರಾಂಕ್‌ಲ್ಯಾಂಡ್ ಕಿಟಕಿಯಿಂದ ಇವರ ಆಟ ನೋಡಿ, ತಂಡ ನಡೆಸುವ ಜವಾಬ್ದಾರಿ ಹೊತ್ತರು.

1917ರ ಕ್ರಿಸ್‌ಮಸ್ ದಿನ ಪ್ರೆಸ್ಟನ್‌ನ ಡೀಪ್‌ಡೇಲ್ ಮೈದಾನದಲ್ಲಿ ಇನ್ನೊಂದು ಕಾರ್ಖಾನೆಯ ಹೆಂಗಸರ ವಿರುದ್ಧ ಪಂದ್ಯ ನಡೆಯಿತು. ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಹಣ ಕೂಡಿಸುವುದು ಉದ್ದೇಶ. ಸುಮಾರು 10,000 ಜನ ಸೇರಿದ್ದರು. ಡಿಕ್ ಕೆರ್ ತಂಡ 4-0 ಗೋಲುಗಳಿಂದ ಗೆದ್ದಿತು.

ಸಂಬಳವಿಲ್ಲದ ಆಟ, ತುಂಬಿದ ಮೈದಾನ

ಇವರು ಆಟದಿಂದ ಜೀವನ ನಡೆಸಿದವರಲ್ಲ. ವಾರವೆಲ್ಲ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಪಂದ್ಯಕ್ಕೆ ಖರ್ಚೆಂದು 10 ಶಿಲಿಂಗ್ ಸಿಗುತ್ತಿತ್ತು. ಟಿಕೆಟ್ ಹಣ ಆಸ್ಪತ್ರೆಗಳಿಗೆ, ಗಾಯಾಳು ಸೈನಿಕರಿಗೆ, ನಿರುದ್ಯೋಗಿಗಳಿಗೆ ಹೋಗುತ್ತಿತ್ತು.

ಯುದ್ಧ ಮುಗಿದು ಗಂಡಸರು ಮರಳಿದ ಮೇಲೂ ತಂಡ ನಿಲ್ಲಲಿಲ್ಲ. 1920ರಲ್ಲಿ ಆಲಿಸ್ ಮಿಲಿಯಾ ಅವರ ಮುಂದಾಳತ್ವದಲ್ಲಿ ಫ್ರಾನ್ಸಿನ ಹೆಂಗಸರ ತಂಡ ಇಂಗ್ಲೆಂಡಿಗೆ ಬಂತು. ಅದೇ ವರ್ಷ ಡಿಕ್ ಕೆರ್ ತಂಡವೂ ಫ್ರಾನ್ಸಿಗೆ ಹೋಗಿ ಆಡಿ ಬಂತು. ಡಿಸೆಂಬರಿನಲ್ಲಿ ಸೈನ್ಯದ ಸರ್ಚ್‌ಲೈಟ್ ತರಿಸಿ, ಚೆಂಡಿಗೆ ಬಿಳಿ ಬಣ್ಣ ಬಳಿದು, ಡೀಪ್‌ಡೇಲ್‌ನಲ್ಲಿ ರಾತ್ರಿ ಪಂದ್ಯವನ್ನೇ ಆಡಿದರು.

ಅದೇ ತಿಂಗಳು ಗುಡಿಸನ್ ಪಾರ್ಕ್‌ನ ಆ ದೊಡ್ಡ ಪಂದ್ಯ ನಡೆಯಿತು. ಎದುರಾಳಿ ಸೇಂಟ್ ಹೆಲೆನ್ಸ್ ತಂಡ. ಡಿಕ್ ಕೆರ್‌ನ ಮುಖ್ಯ ಗೋಲುಗಾರ್ತಿ ಫ್ಲೋರಿ ರೆಡ್‌ಫೋರ್ಡ್‌ಗೆ ರೈಲು ತಪ್ಪಿಹೋಗಿತ್ತು. ಹಿಂದೆ ನಿಂತು ಆಡುತ್ತಿದ್ದ ನಾಯಕಿ ಆಲಿಸ್ ಕೆಲ್ ದ್ವಿತೀಯಾರ್ಧದಲ್ಲಿ ಮುಂದೆ ಬಂದು ಮೂರು ಗೋಲು ಹೊಡೆದರು. ಪಂದ್ಯ 4-0. ಸಂಗ್ರಹವಾದ ಹಣ 3,000 ಪೌಂಡಿಗೂ ಹೆಚ್ಚು.

1921ರ ಡಿಸೆಂಬರ್ 5

ಮರುವರ್ಷದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸುಮಾರು 150 ಹೆಂಗಸರ ತಂಡಗಳಿದ್ದವು. ಆಗ ಆಟದ ಆಡಳಿತ ನಡೆಸುತ್ತಿದ್ದ ಫುಟ್‌ಬಾಲ್ ಅಸೋಸಿಯೇಷನ್ ಒಂದು ನಿರ್ಣಯ ಮಾಡಿತು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ಪ್ರೋತ್ಸಾಹಿಸಬಾರದು ಎಂದಿತು. ದಾನಕ್ಕೆಂದು ಕೂಡಿಸಿದ ಹಣದಲ್ಲಿ ಖರ್ಚಿಗೇ ಹೆಚ್ಚು ಹೋಗುತ್ತಿದೆ ಎಂದೂ ದೂರಿತು. ತನ್ನ ಸದಸ್ಯ ಕ್ಲಬ್‌ಗಳು ಹೆಂಗಸರ ಪಂದ್ಯಗಳಿಗೆ ಮೈದಾನ ಕೊಡಬಾರದು ಎಂದು ಹೇಳಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಹೆಂಗಸರು ಆಡಲೇಬಾರದು ಎಂಬ ಕಾನೂನು ಬರಲಿಲ್ಲ. ಆದರೆ ಸಾವಿರಾರು ಜನ ಕೂರಬಲ್ಲ ಮೈದಾನಗಳೆಲ್ಲ ಆ ಸದಸ್ಯ ಕ್ಲಬ್‌ಗಳ ಕೈಯಲ್ಲಿದ್ದವು. ಮೈದಾನ ಹೋದರೆ ಪ್ರೇಕ್ಷಕರಿಲ್ಲ. ಪ್ರೇಕ್ಷಕರಿಲ್ಲದಿದ್ದರೆ ಟಿಕೆಟ್ ಹಣವಿಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಇಲ್ಲ. ಆಡುವ ಅಕ್ಕಂದಿರನ್ನು ಕಾಣದೆ ಬೆಳೆದ ಹುಡುಗಿಗೆ ತಾನೂ ಆಡಬಹುದು ಎಂದು ತೋಚುವುದಾದರೂ ಹೇಗೆ?

ಪಾರ್ಕುಗಳಲ್ಲಿ ನಲವತ್ತು ವರ್ಷ

ಅನೇಕ ತಂಡಗಳು ಕರಗಿಹೋದವು. ಡಿಕ್ ಕೆರ್ ತಂಡ ಮಾತ್ರ ಪಾರ್ಕು, ಬಯಲು, ರಗ್ಬಿ ಮೈದಾನ ಹೀಗೆ ಸಿಕ್ಕಲ್ಲೆಲ್ಲ ಆಡಿತು. 1922ರಲ್ಲಿ ಹಡಗು ಹತ್ತಿ ಕೆನಡಾಕ್ಕೆ ಹೋದರೆ ಅಲ್ಲಿಯೂ ಆಡಲು ಬಿಡಲಿಲ್ಲ. ಅಲ್ಲಿಂದ ಅಮೆರಿಕಕ್ಕೆ ಹೋಗಿ ಗಂಡಸರ ತಂಡಗಳ ಎದುರು ಆಡಿದರು, ಕೆಲವು ಪಂದ್ಯಗಳನ್ನು ಗೆದ್ದರು ಕೂಡ.

ಕೆಲವು ವರ್ಷಗಳಲ್ಲಿ ಕಾರ್ಖಾನೆಯ ಹೊಸ ಮಾಲೀಕರ ಜೊತೆ ಫ್ರಾಂಕ್‌ಲ್ಯಾಂಡ್‌ಗೆ ಹೊಂದಾಣಿಕೆ ತಪ್ಪಿತು. ತಂಡ 1926ರಲ್ಲಿ ‘ಪ್ರೆಸ್ಟನ್ ಲೇಡೀಸ್’ ಎಂದು ಹೆಸರು ಬದಲಿಸಿಕೊಂಡಿತು. ಹಲವು ಆಟಗಾರ್ತಿಯರು ಹತ್ತಿರದ ವಿಟಿಂಗ್‌ಹ್ಯಾಮ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಅವರಲ್ಲಿ ಲಿಲಿ ಪಾರ್ ಒಬ್ಬರು. 1905ರಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ತಂಡ ಸೇರಿ, ನರ್ಸ್ ಕೆಲಸ ಮಾಡುತ್ತಲೇ 1951ರವರೆಗೆ ಆಡಿದರು. ಅಂದರೆ ಅವರ ಆಟದ ಬದುಕಿನ ಬಹುಪಾಲು ನಿಷೇಧದ ಕಾಲದಲ್ಲೇ ಕಳೆಯಿತು.

ಹೊಸ ಹುಡುಗಿಯರು ಸಿಗದೆ 1965ರಲ್ಲಿ ತಂಡ ಮುಚ್ಚಿತು. ಅಷ್ಟರಲ್ಲಿ ಅದು 800ಕ್ಕೂ ಹೆಚ್ಚು ಪಂದ್ಯ ಆಡಿ, ಬಹುಪಾಲು ಗೆದ್ದಿತ್ತು. ನಿಷೇಧ ತೆರವಾದದ್ದು 1970ರ ದಶಕದ ಆರಂಭದಲ್ಲಿ. ಇನ್ನು ಕೆಲವೇ ವರ್ಷ ತಂಡ ಉಳಿದಿದ್ದರೆ ಮತ್ತೆ ದೊಡ್ಡ ಮೈದಾನಕ್ಕೆ ಇಳಿಯಬಹುದಿತ್ತು.

ತಡವಾಗಿ ಬಂದ ಗೌರವ

ಲಿಲಿ ಪಾರ್ 1978ರಲ್ಲಿ ತೀರಿಕೊಂಡರು. 2002ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂನ ಗೌರವ ಪಟ್ಟಿಗೆ ಸೇರಿದ ಮೊದಲ ಮಹಿಳೆ ಅವರೇ. 2019ರಲ್ಲಿ ಮ್ಯಾಂಚೆಸ್ಟರಿನ ಆ ಮ್ಯೂಸಿಯಂನಲ್ಲಿ ಅವರ ಪ್ರತಿಮೆ ನಿಂತಿತು. ನಿಷೇಧಕ್ಕಾಗಿ ಫುಟ್‌ಬಾಲ್ ಅಸೋಸಿಯೇಷನ್ 2008ರಲ್ಲಿ ಕ್ಷಮೆ ಕೇಳಿತು. ಆದರೆ 1920ರಲ್ಲಿ ಆಡಿದವರಲ್ಲಿ ಆ ಮಾತು ಕೇಳಲು ಉಳಿದವರು ಯಾರಿದ್ದಾರು?

2022ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡ್ ಹೆಂಗಸರ ತಂಡ ಯೂರೋಪ್ ಕಪ್ ಗೆದ್ದಾಗ 87,192 ಜನ ನೋಡುತ್ತಿದ್ದರು. ಹೆಂಗಸರ ಫುಟ್‌ಬಾಲ್ ಈಗಷ್ಟೇ ಬೆಳೆಯುತ್ತಿದೆ ಎಂದು ಅನೇಕರು ಹೇಳುತ್ತಾರೆ. ಆದರೆ ನೂರು ವರ್ಷದ ಹಿಂದೆಯೇ ಅದು ಬೆಳೆದು ನಿಂತಿತ್ತು. ಆಡುವವರೂ ಇದ್ದರು, ನೋಡುವವರೂ ಇದ್ದರು. ಇಲ್ಲದಂತೆ ಮಾಡಿದ್ದು ಮೈದಾನವನ್ನು ಮಾತ್ರ.