ಅಮಿನಿ ದ್ವೀಪಕ್ಕೆ ಅಗ್ಗದ ದಾರಿ

ಬೆಂಗಳೂರಿನವರು ‘ದಂಡು’ ಎಂದು ಕರೆಯುವ ಪ್ರದೇಶ ಹುಟ್ಟಿದ್ದೇ ಸೈನಿಕರ ಬೀಡಾಗಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷರ ಸೇನೆಯನ್ನು ಜ್ವರ ಕಾಡಿತು. 1809ರಲ್ಲಿ ಅದು ಹಲಸೂರಿನ ಬಯಲಿಗೆ ಬಂತು. ಅದೇ ಶ್ರೀರಂಗಪಟ್ಟಣದ ಪತನ ಅರಬ್ಬಿ ಸಮುದ್ರದ ಕೆಲವು ಪುಟ್ಟ ದ್ವೀಪಗಳ ಹಣೆಬರಹವನ್ನೂ ಬದಲಿಸಿತೆಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ.

2024ರ ಮಾರ್ಚ್ 31ರಂದು ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ನೇರ ವಿಮಾನ ಆರಂಭವಾಯಿತು. ಇಂದಿರಾನಗರ, ಕೆ.ಆರ್. ಪುರದ ಯುವಕರಿಗೂ ದ್ವೀಪ ಹತ್ತಿರವಾದಂತೆ ಕಂಡಿತು. ಆದರೆ ಬೆನ್ನಿಗೆ ಚೀಲ, ಕಂಕುಳಲ್ಲಿ ಡೇರೆ ಇಟ್ಟುಕೊಂಡು ಕಡಿಮೆ ಖರ್ಚಿನಲ್ಲಿ ತಿರುಗುವವರಿಗೆ ಅಲ್ಲಿ ಎರಡು ತೊಡಕು. 1967ರ ನಿಯಮಗಳಂತೆ ಹೊರಗಿನವರಿಗೆ ಪ್ರವೇಶಾನುಮತಿ ಬೇಕು; ಮನಬಂದ ದಡದಲ್ಲಿ ಡೇರೆ ಹಾಕುವಂತಿಲ್ಲ. ಇನ್ನು ಹೆಚ್ಚಿನ ಪ್ರವಾಸ ಯೋಜನೆಗಳ ದರ ಸಾಮಾನ್ಯರ ಕೈಗೆಟುಕುವಂಥದ್ದಲ್ಲ.

ಹಿಂದೆ ಈ ದಾರಿ ಹೀಗಿರಲಿಲ್ಲ.

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ- ಈ ಐದು ದ್ವೀಪಗಳ ಗುಂಪಿಗೆ ಅಮಿನ್‌ದಿವಿ ಎಂದು ಹೆಸರು. ಇವು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ದ್ವೀಪದವರ ಮುಖ್ಯ ಉತ್ಪನ್ನ ತೆಂಗಿನ ನಾರಿನ ಹುರಿ. ಅದನ್ನು ಆಳುವವರಿಗೇ, ಅವರು ಕಟ್ಟಿದ ಬೆಲೆಗೇ ಮಾರಬೇಕಿತ್ತು. ಇದರಿಂದ ಬೇಸತ್ತ ಜನ 1787ರಲ್ಲಿ ಬಂಡೆದ್ದು ಟಿಪ್ಪುವಿನ ಮೊರೆ ಹೊಕ್ಕರು. ಟಿಪ್ಪು ದ್ವೀಪಗಳನ್ನು ವಶಕ್ಕೆ ತೆಗೆದುಕೊಂಡು, ಅರಕ್ಕಲ್ ಬೀಬಿಗೆ ಬದಲಿಯಾಗಿ ಚಿರಕ್ಕಲ್ ಸೀಮೆಯಲ್ಲಿ ಭೂಮಿ ಕೊಟ್ಟನು. 1799ರ ನಂತರ ಇವು ಈಸ್ಟ್ ಇಂಡಿಯಾ ಕಂಪನಿಗೆ ಸೇರಿದವು. ಆಡಳಿತ ಮಂಗಳೂರಿನಿಂದ ನಡೆಯಿತು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರರೇ ಈ ದ್ವೀಪಗಳಿಗೂ ಅಧಿಕಾರಿ.

ಹೀಗೆ ಮಂಗಳೂರು ದ್ವೀಪದವರಿಗೆ ಸಂತೆಯೂ ಆಯಿತು, ಕಚೇರಿಯೂ ಆಯಿತು. ಮಳೆಗಾಲ ಮುಗಿದು ಕಡಲು ಶಾಂತವಾದೊಡನೆ ‘ಓಡಂ’ಗಳು ಹಾಯಿ ಬಿಚ್ಚುತ್ತಿದ್ದವು. ನಮ್ಮ ‘ಓಡ’ ಎಂಬ ಮಾತಿನ ನೆಂಟನೇ ಇದು. ಅಮಿನಿಯಿಂದ ಮಂಗಳೂರಿಗೆ ಸುಮಾರು 300 ಕಿಲೋಮೀಟರ್. ನಕ್ಷತ್ರವೇ ದಿಕ್ಸೂಚಿ, ಗಾಳಿಯೇ ಇಂಧನ. ಹೋಗುವಾಗ ಹುರಿ, ಕೊಬ್ಬರಿ, ಬರುವಾಗ ಅಕ್ಕಿ. ಅಗ್ಗದ ಪ್ರಯಾಣವೆಂದರೆ ಇದೇ. ಆದರೆ ಅದು ವಿಹಾರವಾಗಿರಲಿಲ್ಲ. ಕಂಪನಿ ಸರ್ಕಾರವೂ ಹುರಿಯ ಏಕಸ್ವಾಮ್ಯವನ್ನು ಬಿಡಲಿಲ್ಲ. ಅಕ್ಕಿ ಬೆಳೆಯದ ನೆಲದವರಿಗೆ ಕೊಟ್ಟ ಬೆಲೆಯನ್ನು ಒಪ್ಪದೆ ಬೇರೆ ದಾರಿ ಇರಲಿಲ್ಲ. ಗಾಳಿ ಕೈಕೊಟ್ಟರೆ ಪ್ರಾಣವೇ ಪ್ರಯಾಣದ ಬೆಲೆ.

ಡೇರೆಯ ಬಾಳೂ ದ್ವೀಪದವರಿಗೆ ಹೊಸದಲ್ಲ. ಬಿತ್ರಾದಲ್ಲಿ ಇಪ್ಪತ್ತನೇ ಶತಮಾನದವರೆಗೆ ಖಾಯಂ ವಸತಿ ಇರಲಿಲ್ಲ. ನೆರೆಯ ದ್ವೀಪದವರು ಋತು ನೋಡಿಕೊಂಡು ಹೋಗಿ, ಕಡಲಹಕ್ಕಿಗಳ ಮೊಟ್ಟೆ ಸಂಗ್ರಹಿಸಿ ಮರಳುತ್ತಿದ್ದರು. ಅಗತ್ತಿಯ ಜನ ತೆಂಗಿನ ಕೊಯ್ಲಿಗೆ ಬಂಗಾರಂಗೆ ಹೋಗುತ್ತಿದ್ದರು. ಆ ಬಂಗಾರಂ 1974ರಲ್ಲಿ ವಿದೇಶಿ ಪ್ರವಾಸಿಗರಿಗೆ ತೆರೆದುಕೊಂಡಿತು. ಕೊಯ್ಲಿನವರು ತಂಗುತ್ತಿದ್ದ ದಡ ದುಬಾರಿ ವಿಹಾರತಾಣವಾಯಿತು.

ಮಂಗಳೂರಿನ ನಂಟು ಕಡಿದದ್ದು 1956ರ ನವೆಂಬರ್ 1ರಂದು. ಕನ್ನಡಿಗರು ರಾಜ್ಯೋದಯವೆಂದು ಹಬ್ಬ ಮಾಡುವ ದಿನವೇ ಅಮಿನ್‌ದಿವಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಸೇರಿತು. ಕಾಸರಗೋಡಿನ ನಷ್ಟವನ್ನು ನಾವು ಇಂದಿಗೂ ನೆನೆಯುತ್ತೇವೆ. ಈ ದ್ವೀಪಗಳನ್ನು ನೆನೆಯುವವರು ವಿರಳ. ಆಡಳಿತ ಕೇಂದ್ರ ಮೊದಲು ಕೋಳಿಕೋಡಿಗೆ, 1964ರಲ್ಲಿ ಕವರತ್ತಿಗೆ ಹೋಯಿತು. ಪ್ರಯಾಣಿಕರ ಹಡಗುಗಳಿಗೆ ಕೊಚ್ಚಿಯೇ ಮುಖ್ಯ ಬಂದರಾಯಿತು. 2024ರ ಮೇ ತಿಂಗಳಲ್ಲಿ ವೇಗದ ಹಡಗೊಂದು ಪ್ರಯಾಣಿಕರೊಡನೆ ಮಂಗಳೂರಿನ ಹಳೆ ಬಂದರಿಗೆ ಬಂದಾಗ ಅದು ಸುದ್ದಿಯಾದದ್ದು ಸಹಜ.

ಹಾಗಾದರೆ ದ್ವೀಪ ದುಬಾರಿಯಾದದ್ದು ವ್ಯಾಪಾರಿಗಳ ಆಸೆಯಿಂದ ಮಾತ್ರವೆ? ಅಲ್ಲ. ಇಡೀ ಲಕ್ಷದ್ವೀಪದ ನೆಲ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 64,473. ಅವರಲ್ಲಿ ಬಹುಪಾಲು ಪರಿಶಿಷ್ಟ ಪಂಗಡದವರು. ಹವಳದ ನೆಲದಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳ್ಳನೆ ಪದರವಾಗಿ ನಿಲ್ಲುತ್ತದೆ. ಅಳತೆ ಮೀರಿ ಎತ್ತಿದರೆ ಬಾವಿ ಉಪ್ಪಾಗುತ್ತದೆ. ಅಕ್ಕಿಯಿಂದ ಸಿಮೆಂಟಿನವರೆಗೆ ಎಲ್ಲವೂ ಹಡಗಿನಲ್ಲೇ ಬರಬೇಕು. ಅಗತ್ತಿಯ ಓಡುದಾರಿ ಚಿಕ್ಕದಾದ್ದರಿಂದ ದೊಡ್ಡ ವಿಮಾನಗಳು ಇಳಿಯಲಾರವು.

ಹೀಗಾಗಿ ಅಗ್ಗದ ಪ್ರವಾಸ ಕೇಳುವಾತ ಒಂದು ಲೆಕ್ಕವನ್ನು ಮರೆಯುವಂತಿಲ್ಲ. ಅವನು ಡೇರೆ ಹೊತ್ತು ತರಬಹುದು, ಅಕ್ಕಿಯನ್ನೂ ತರಬಹುದು. ಕುಡಿಯುವ ನೀರು ಮಾತ್ರ ದ್ವೀಪದವರದ್ದೇ. ವಿಹಾರತಾಣದಲ್ಲಿ ಸಾವಿರಾರು ರೂಪಾಯಿ ತೆತ್ತು ತಂಗುವವನಿಗೂ ಈ ಮಾತು ಅನ್ವಯಿಸುತ್ತದೆ. ಅವನ ಸ್ನಾನಕ್ಕೆ ನೀರು ಇನ್ನೂ ಹೆಚ್ಚು ಬೇಕು. ಅನುಮತಿ ಪತ್ರ ನೀರನ್ನೂ ನೆಲವನ್ನೂ ಕಾಯುವುದಾದರೆ ಅದು ಇರಬೇಕಾದದ್ದೇ. ಹಣವಿದ್ದವರಿಗೆ ಮಾತ್ರ ಬಾಗಿಲು ತೆರೆಯುವ ಕೀಲಿಯಾದರೆ, ಹುರಿಗೆ ತಾನೇ ಬೆಲೆ ಕಟ್ಟುತ್ತಿದ್ದ ಹಳೆಯ ಏಕಸ್ವಾಮ್ಯಕ್ಕೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. 1787ರಲ್ಲಿ ಅಮಿನಿಯ ಜನ ಬಂಡೆದ್ದದ್ದು, ತಮ್ಮ ದ್ವೀಪದ ಬೆಲೆಯನ್ನು ಬೇರೆಯವರು ನಿರ್ಧರಿಸುತ್ತಿದ್ದರು ಎಂಬ ಕಾರಣಕ್ಕೇ.